ರೆಕ್ಕೆಯ ಮರ್ಮವನ್ನರಿತ ಡಾ. ಘಾಟಗೆ

ಆಕಾಶದಲ್ಲಿ ಹಾರಬೇಕೆಂಬ ಹಂಬಲ ಮಾನವನಿಗೆ ಬಹು ಪುರಾತನವಾದುದು. ಪುಷ್ಪಕ ವಿಮಾನದ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿ ಇಲ್ಲ. ಆದರೆ ಹಂಬಲವೊಂದರಿಂದಲೇ ಯಾರೂ ಹಾರಲಾರರು. ಹಾರಲು ರೆಕ್ಕೆ ಬೇಕು. ಆ ರೆಕ್ಕೆಗೆ ತಕ್ಕ ಆಕಾರವೂ ಬೇಕು. ಜರ್ಮನಿಯ ಆಟೊ ಲಿಲಿಯೆಂಥಾಲನು ಹಕ್ಕಿಗಳ ರೆಕ್ಕೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದನು. ಚಪ್ಪಟೆಯಾದ ಹಲಗೆಗಿಂತ ಬಾಗಿದ ರೆಕ್ಕೆಯೇ ಮೇಲೆಂದು ಕಂಡುಕೊಂಡು, ಎಂಜಿನ್ನಿಲ್ಲದ ಗ್ಲೈಡರುಗಳನ್ನು ತಾನೇ ಕಟ್ಟಿ, ಸುಮಾರು ಎರಡು ಸಾವಿರ ಸಲ ಹಾರಿದನು. ೧೮೯೬ರ ಆಗಸ್ಟ್ ೯ರಂದು ಆತನ ರೆಕ್ಕೆಗೆ ಗಾಳಿಯ ಆಸರೆ ತಪ್ಪಿತು. ನೆಲಕ್ಕೆ ಬಿದ್ದ ಆತನು ಮರುದಿನ ತೀರಿಕೊಂಡನು. ರೆಕ್ಕೆಯ ಆಕಾರವನ್ನು ಆರಿಸುವುದು ಅಲಂಕಾರದ ಮಾತಲ್ಲ, ಜೀವದ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ಅದೇ ಜರ್ಮನಿಯಲ್ಲಿ ಈ ವಿದ್ಯೆಯನ್ನು ಕಲಿತು ಬಂದು, ಕನ್ನಡ ನಾಡಿನ ನೆಲದಲ್ಲಿ ವಿಮಾನಗಳನ್ನು ರೂಪಿಸಿದವರು ಡಾ. ವಿಷ್ಣು ಮಾಧವ ಘಾಟಗೆಯವರು.

ಘಾಟಗೆಯವರು ೧೯೦೮ರ ಅಕ್ಟೋಬರ್ ೨೪ರಂದು ಕೊಲ್ಲಾಪುರದ ಸೀಮೆಯ ಹಳ್ಳಿಯೊಂದರಲ್ಲಿ ಜನಿಸಿದರು. ಮುಂಬಯಿಯಲ್ಲಿ ವಿಜ್ಞಾನದ ಉಚ್ಚ ಶಿಕ್ಷಣವನ್ನು ಮುಗಿಸಿ, ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಗಾಟಿಂಗೆನ್ ನಗರಕ್ಕೆ ತೆರಳಿದರು. ಆ ಕಾಲದಲ್ಲಿ ಗಾಳಿಯ ಚಲನೆಯನ್ನು ಕುರಿತ ಶಾಸ್ತ್ರಕ್ಕೆ ಗಾಟಿಂಗೆನ್ ಕಾಶಿಯಂತಿತ್ತು. ಅಲ್ಲಿಯ ಆಚಾರ್ಯರು ಲುಡ್ವಿಗ್ ಪ್ರಾಂಟ್ಲ್. ಹಾರುವ ವಸ್ತುವಿನ ಮೈಗೆ ಅಂಟಿಕೊಂಡು ಗಾಳಿಯ ತೆಳುವಾದ ಪದರವೊಂದು ಇರುತ್ತದೆ, ಅದರ ನಡತೆಯನ್ನು ಅರಿಯದೆ ರೆಕ್ಕೆಯ ಗುಣವನ್ನು ಅರಿಯಲಾಗದು ಎಂದು ಪ್ರಾಂಟ್ಲರು ೧೯೦೪ರಲ್ಲಿ ತೋರಿಸಿಕೊಟ್ಟಿದ್ದರು. ಅವರ ಬಳಿ ಶಿಷ್ಯವೃತ್ತಿಯನ್ನು ಮಾಡಿ ಘಾಟಗೆಯವರು ೧೯೩೬ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಪ್ರಾಂಟ್ಲರ ಕೈಕೆಳಗೆ ಈ ಪದವಿಯನ್ನು ಗಳಿಸಿದ ಮೊದಲ ಭಾರತೀಯರು ಇವರೇ.

ಕಲಿತುದೇನೋ ಆಯಿತು, ಅದನ್ನು ಬಳಸಲು ತಾಯ್ನಾಡಿನಲ್ಲಿ ಆಗ ವಿಮಾನದ ಕಾರ್ಖಾನೆಯೇ ಇರಲಿಲ್ಲ. ಘಾಟಗೆಯವರು ಪುಣೆಯಲ್ಲಿ ಅಧ್ಯಾಪಕರಾದರು. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಘಾಟಗೆಯವರು ಅಲ್ಲಿಗೆ ಬಂದು, ಹತ್ತು ಮಂದಿ ಕುಳಿತುಕೊಳ್ಳಬಹುದಾದ ಗ್ಲೈಡರೊಂದನ್ನು ರೂಪಿಸಿದರು. ೧೯೪೨ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ಪ್ರಾರಂಭವಾದಾಗ ಅದರ ಹೊಣೆಯನ್ನೂ ಹೊತ್ತರು. ಹೀಗೆ ವಿಮಾನವನ್ನು ಕಟ್ಟುವುದರ ಜೊತೆಗೆ, ಕಟ್ಟಬಲ್ಲವರನ್ನು ತಯಾರು ಮಾಡುವ ಕೆಲಸವೂ ಅವರ ಪಾಲಿಗೆ ಬಂದಿತು.

ದೇಶವು ಸ್ವತಂತ್ರವಾಯಿತು. ಆಗ ನಮ್ಮ ತರುಣರು ಹಾರಾಟವನ್ನು ಕಲಿಯುತ್ತಿದ್ದುದು ಟೈಗರ್ ಮಾತ್ ಎಂಬ ಬ್ರಿಟಿಷ್ ವಿಮಾನದಲ್ಲಿ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳು, ಅವುಗಳ ನಡುವೆ ಕಂಬ ಮತ್ತು ತಂತಿಗಳ ಕಟ್ಟು. ಇದು ೧೯೩೧ರ ವಿಮಾನ. ಅದರ ಬದಲಿಗೆ ನಮ್ಮದೇ ಆದ ತರಬೇತಿ ವಿಮಾನವು ಬೇಕೆಂದು ೧೯೪೮ರಲ್ಲಿ ಕೆಲಸ ಮೊದಲಾಯಿತು. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ಈ ವಿಮಾನವೇ ಎಚ್.ಟಿ. ೨.

ತರಬೇತಿಯ ವಿಮಾನವೆಂದರೆ ನೆಟ್ಟಗೆ ಹಾರಿದರೆ ಸಾಲದು. ಆಕಾಶದಲ್ಲಿ ಲಾಗ ಹಾಕಬೇಕು, ಮಗ್ಗುಲಾಗಿ ಉರುಳಬೇಕು, ಬುಗುರಿಯಂತೆ ಸುತ್ತುತ್ತ ಇಳಿದು ಮತ್ತೆ ಸರಿಯಾಗಬೇಕು. ಇಂತಹ ವಿಮಾನಕ್ಕೆ ಎಂತಹ ರೆಕ್ಕೆಯನ್ನು ಆರಿಸಬೇಕು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸ್ವಲ್ಪ ವಿವರವಾಗಿ ಅರಿಯಬೇಕು.

ಕಬ್ಬಿನ ಜಲ್ಲೆಯನ್ನು ಅಡ್ಡಲಾಗಿ ಕತ್ತರಿಸಿದರೆ ಅದರ ಒಳಗಿನ ಆಕಾರ ಕಾಣುವಂತೆ, ರೆಕ್ಕೆಯನ್ನು ಅಡ್ಡಲಾಗಿ ಸೀಳಿದರೆ ಕಾಣುವ ಆಕಾರಕ್ಕೆ ರೆಕ್ಕೆಯ ಛೇದವೆನ್ನುತ್ತಾರೆ. ಮುಂದುಗಡೆ ದುಂಡಗೆ, ಹಿಂದುಗಡೆ ಚೂಪಗೆ, ಮೀನಿನ ಮೈಯಂತೆ ಇರುವುದು ಇದರ ಸಾಮಾನ್ಯ ರೂಪ. ಸಂಕ್ರಾಂತಿಯ ದಿನ ನಮ್ಮ ಅಬಿಡ್ಸಿನ ಮಹಡಿಗಳ ಮೇಲೆ ಗಾಳಿಪಟವನ್ನು ಹಾರಿಸುವ ಹುಡುಗರಿಗೆ ಒಂದು ಮಾತು ಗೊತ್ತು. ಸೂತ್ರವನ್ನು ಸರಿಯಾಗಿ ಕಟ್ಟಿ, ಪಟವು ಗಾಳಿಗೆ ಹದವಾಗಿ ಓರೆಯಾದರೆ ಮೇಲೇರುತ್ತದೆ. ಅತಿಯಾಗಿ ಓರೆಯಾದರೆ ತತ್ತರಿಸಿ ಬೀಳುತ್ತದೆ. ರೆಕ್ಕೆಯೂ ಹಾಗೆಯೇ. ಓರೆ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆ. ಮಿತಿ ಮೀರಿತೆಂದರೆ ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಸಿಡಿಯುತ್ತದೆ, ವಿಮಾನವು ಕುಸಿಯುತ್ತದೆ. ಲಿಲಿಯೆಂಥಾಲನಿಗೆ ಒದಗಿದುದು ಇದೇ ಗತಿ.

ಬೆನ್ನು ಹೆಚ್ಚು ಉಬ್ಬಿದ ಛೇದವು ನೆಟ್ಟಗಿನ ಹಾರಾಟದಲ್ಲಿ ಬಹಳ ಭಾರವನ್ನು ಎತ್ತುತ್ತದೆ. ಆದರೆ ವಿಮಾನವು ತಲೆಕೆಳಗಾದಾಗ ಆ ಉಬ್ಬು ಕೆಳಗಾಗುತ್ತದೆ. ಆಗ ರೆಕ್ಕೆಯನ್ನು ಬಹಳ ಓರೆ ಮಾಡಬೇಕಾಗುತ್ತದೆ, ಕುಸಿತವೂ ಬೇಗನೆ ಬರುತ್ತದೆ. ಬೆನ್ನು ಹೊಟ್ಟೆ ಎರಡೂ ಸಮನಾಗಿರುವ ಛೇದಕ್ಕೆ ಮೇಲು ಕೆಳಗು ಒಂದೇ. ಇದು ಆಕಾಶದ ಕಸರತ್ತಿಗೆ ಮೆಚ್ಚುಗೆಯಾದರೂ, ನಿಧಾನವಾಗಿ ನೆಲಕ್ಕಿಳಿಯುವಾಗ ಉಬ್ಬಿದ ರೆಕ್ಕೆಯಷ್ಟು ಬಲವನ್ನು ಕೊಡದು. ಅಮೆರಿಕದ ಕರ್ಟಿಸ್ ಪಿಟ್ಸ್ ಎಂಬಾತನು ೧೯೪೦ರ ದಶಕದಲ್ಲಿ ರೂಪಿಸಿದ ಕಸರತ್ತಿನ ಪುಟ್ಟ ವಿಮಾನವನ್ನು ಅನೇಕರು ನಕ್ಷೆಯನ್ನು ತರಿಸಿಕೊಂಡು ಮನೆಯಲ್ಲಿಯೇ ಕಟ್ಟಿದರು. ಅದಕ್ಕೆ ಮೊದಲಿದ್ದುದು ಹೊಟ್ಟೆ ಚಪ್ಪಟೆಯಾದ ರೆಕ್ಕೆ. ತಲೆಕೆಳಗಾದ ಆಟಗಳು ಸ್ಪರ್ಧೆಗಳಲ್ಲಿ ಹೆಚ್ಚಿದಾಗ ಎರಡು ಕಡೆಯೂ ದುಂಡಾದ ರೆಕ್ಕೆಯನ್ನು ಆತನು ಕೊಡಬೇಕಾಯಿತು.

ದಪ್ಪದ ವಿಚಾರವೂ ಉಂಟು. ತೆಳುವಾದ, ಮೂತಿ ಚೂಪಾದ ರೆಕ್ಕೆಯು ಮುನ್ಸೂಚನೆಯಿಲ್ಲದೆ ಒಮ್ಮೆಲೇ ಕುಸಿಯುತ್ತದೆ. ಹದವಾದ ದಪ್ಪವೂ ದುಂಡಾದ ಮೂತಿಯೂ ಇದ್ದರೆ ಗಾಳಿಯು ಹಿಂದಿನ ಅಂಚಿನಿಂದ ಮೆಲ್ಲಗೆ ಬಿಡುತ್ತ ಬರುತ್ತದೆ. ಕಲಿಯುವವನಿಗೆ ತಿದ್ದಿಕೊಳ್ಳಲು ಕಾಲ ದೊರೆಯುತ್ತದೆ. ಕಸರತ್ತಿನ ಹೊತ್ತಿನಲ್ಲಿ ರೆಕ್ಕೆಯ ಮೇಲೆ ವಿಮಾನದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ತಂತಿ ಕಂಬಗಳ ಆಸರೆಯಿಲ್ಲದ ರೆಕ್ಕೆಯೊಳಗೆ ಗಟ್ಟಿಯಾದ ತೊಲೆಯನ್ನಿಡಲು ಸಹ ದಪ್ಪ ಬೇಕು. ಅಮೆರಿಕದ ನಾಕಾ ಸಂಸ್ಥೆಯವರು ೧೯೩೦ರ ದಶಕದಲ್ಲಿ ನೂರಾರು ಛೇದಗಳನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ, ಅವುಗಳಿಗೆ ಅಂಕೆಗಳ ಹೆಸರನ್ನಿಟ್ಟರು. ೨೪೧೨ ಎಂದರೆ ರೆಕ್ಕೆಯ ಅಗಲದಲ್ಲಿ ನೂರಕ್ಕೆ ೨ರಷ್ಟು ಬಾಗು, ಅದು ಮುಂದಿನ ಅಂಚಿನಿಂದ ನೂರಕ್ಕೆ ೪೦ರಷ್ಟು ದೂರದಲ್ಲಿ. ದಪ್ಪ ನೂರಕ್ಕೆ ೧೨. ೦೦೧೨ ಎಂದರೆ ಬಾಗೇ ಇಲ್ಲದ ಸಮ ಛೇದ. ಇಂತಹ ಪಟ್ಟಿಗಳಿಂದ ಆರಿಸುವವನು ಒಂದು ಗುಣವನ್ನು ಪಡೆಯಲು ಮತ್ತೊಂದನ್ನು ಸ್ವಲ್ಪ ಬಿಟ್ಟುಕೊಡಲೇಬೇಕು. ಅವನ ಎಣಿಕೆ ತಪ್ಪಿದರೆ ಅದರ ಬೆಲೆಯನ್ನು ತೆರುವವನು ಇಪ್ಪತ್ತು ವರ್ಷದ ಶಿಕ್ಷಾರ್ಥಿ.

ಎಚ್.ಟಿ. ೨ ವಿಮಾನವು ೧೯೫೧ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಮೈಯೆಲ್ಲ ಲೋಹ, ಕೆಳಭಾಗದಲ್ಲಿ ಒಂದೇ ಜೊತೆ ರೆಕ್ಕೆ, ಹೊರಗೆ ತಂತಿಯ ಆಸರೆಯಿಲ್ಲ, ಗುರು ಶಿಷ್ಯರಿಗೆ ಒಂದರ ಹಿಂದೊಂದು ಆಸನ. ಕಾರ್ಖಾನೆಯಲ್ಲಿ ೧೫೦ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಆಫ್ರಿಕದ ಘಾನಾ ದೇಶವೂ ಇದನ್ನು ಕೊಂಡುಕೊಂಡಿತು. ನಮ್ಮ ವಾಯುಪಡೆಯ ತರುಣರು ಮೂರು ದಶಕಗಳ ಕಾಲ ಇದರಲ್ಲಿ ಹಾರಾಟದ ಮೊದಲ ಪಾಠವನ್ನು ಕಲಿತರು. ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದು, ನಮ್ಮಲ್ಲಿ ಅನೇಕರಿಗೆ ನೆಂಟರ ಊರಾಗಿರುವ ಬೀದರಿನ ತರಬೇತಿ ಶಾಲೆಯಲ್ಲಿಯೂ ಈ ವಿಮಾನವು ಹಾರಿತು.

ಘಾಟಗೆಯವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ೧೯೫೮ರಲ್ಲಿ ಹಾರಾಟದ ಕ್ಲಬ್ಬುಗಳಿಗಾಗಿ ಪುಷ್ಪಕ್, ೧೯೫೯ರಲ್ಲಿ ಸೈನ್ಯಕ್ಕಾಗಿ ಕೃಷಕ್, ೧೯೬೪ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಹೊರಬಂದವು. ಪುಷ್ಪಕ್ ವಿಮಾನದ ರೆಕ್ಕೆ ತಲೆಯ ಮೇಲೆ, ಎಚ್.ಟಿ. ೨ರದು ಕಾಲ ಕೆಳಗೆ. ಒಂದಕ್ಕೆ ಬಟ್ಟೆಯ ಹೊದಿಕೆ, ಇನ್ನೊಂದಕ್ಕೆ ಲೋಹದ ತಗಡು. ಕೆಲಸ ಬೇರೆಯಾದಂತೆ ರೆಕ್ಕೆಯೂ ಬೇರೆಯಾಯಿತು. ಭಾರತ ಸರ್ಕಾರವು ೧೯೬೫ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ೧೯೯೧ರ ಡಿಸೆಂಬರ್ ೬ರಂದು ಅವರು ಕಾಲವಶರಾದರು. ಬೆಂಗಳೂರಿನ ವಿಮಾನ ಕಾರ್ಖಾನೆಯ ಸಭಾಭವನವೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಎಲ್ಲ ಕೆಲಸಕ್ಕೂ ಒಪ್ಪುವ ರೆಕ್ಕೆ ಎಂಬುದು ಲೋಕದಲ್ಲಿಲ್ಲ. ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂದು ಮೊದಲು ತಿಳಿದು, ಆಮೇಲೆ ಅಳೆದು ತೂಗಿ ಆರಿಸಬೇಕು. ಲೆಕ್ಕದ ಪುಸ್ತಕವನ್ನು ಬೇಸರದಿಂದ ಮುಚ್ಚಿಡುವ ಬಾಲಕ ಬಾಲಕಿಯರು ಇದನ್ನು ನೆನೆಯಲಿ. ಹಳ್ಳಿಯಲ್ಲಿ ಹುಟ್ಟಿದವರೊಬ್ಬರು ಕಲಿತ ಲೆಕ್ಕವು ತಾವು ಮುಖ ನೋಡಿರದ ಸಾವಿರಾರು ತರುಣರನ್ನು ಆಕಾಶಕ್ಕೆ ಏರಿಸಿ, ಕುಶಲವಾಗಿ ನೆಲಕ್ಕಿಳಿಸುವ ಕೆಲಸಕ್ಕೆ ಒದಗಿಬಂದಿತು.