ಭಾನುವಾರದ ಸಂಗೀತಗಾರ

ಹೊಟ್ಟೆಪಾಡಿಗೊಂದು ಕಸುಬು, ಮನಸ್ಸಿನ ತೃಪ್ತಿಗೊಂದು ಕಲೆ ಎಂದು ಬಾಳನ್ನು ಎರಡಾಗಿ ಹಂಚಿಕೊಂಡು ಬದುಕಿದವರು ಎಲ್ಲ ದೇಶಗಳಲ್ಲಿಯೂ ಉಂಟು. ಹಗಲೆಲ್ಲ ಕಚೇರಿಯಲ್ಲಿ ಲೆಕ್ಕ ಬರೆದು ಸಂಜೆ ತಂಬೂರಿಯ ಮುಂದೆ ಕುಳಿತುಕೊಳ್ಳುವವರು, ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿ ರಾತ್ರಿಯ ಭಜನೆಗೆ ಪಿಟೀಲು ನುಡಿಸುವವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಇಂಥವರಲ್ಲಿ ಹೆಚ್ಚಿನವರು ಒಂದರಲ್ಲಿ ಗಟ್ಟಿಗರಾಗಿ, ಇನ್ನೊಂದರಲ್ಲಿ ಹವ್ಯಾಸಿಗಳಾಗಿ ಉಳಿಯುತ್ತಾರೆ. ಎರಡರಲ್ಲಿಯೂ ಮೊದಲ ಪಂಕ್ತಿಯಲ್ಲಿ ನಿಂತವರು ವಿರಳ. ಹತ್ತೊಂಬತ್ತನೆಯ ಶತಮಾನದ ರಷ್ಯಾ ದೇಶದ ಅಲೆಕ್ಸಾಂಡರ್ ಬೊರೊದಿನ್ ಅಂಥ ವಿರಳರಲ್ಲಿ ಒಬ್ಬ. ಅವನ ವೃತ್ತಿ ರಸಾಯನಶಾಸ್ತ್ರದ ಅಧ್ಯಾಪನ. ಪ್ರವೃತ್ತಿ ಸಂಗೀತ ರಚನೆ. ತನ್ನನ್ನು ತಾನು ಭಾನುವಾರದ ಸಂಗೀತಗಾರನೆಂದು ಅವನು ಹೇಳಿಕೊಳ್ಳುತ್ತಿದ್ದನು. ಆ ಭಾನುವಾರಗಳ ಫಲವನ್ನು ಜಗತ್ತು ಇಂದಿಗೂ ಕೇಳಿ ಆನಂದಿಸುತ್ತಿದೆ.

ಬೊರೊದಿನ್ ಹುಟ್ಟಿದುದು 1833ನೆಯ ಇಸವಿ ನವೆಂಬರ್ 12ರಂದು, ರಷ್ಯಾದ ಅಂದಿನ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಅವನ ತಂದೆ ಜಾರ್ಜಿಯಾ ಮೂಲದ ಲೂಕಾ ಗೆದಿಯಾನೊವ್ ಎಂಬ ವೃದ್ಧ ರಾಜವಂಶೀಯ. ತಾಯಿ ಅವ್ದೋತ್ಯಾ ಆಂತೊನೊವಾ ಎಂಬ ತರುಣಿ. ಅವರಿಬ್ಬರಿಗೂ ವಿವಾಹವಾಗಿರಲಿಲ್ಲ. ಆದುದರಿಂದ ಅಂದಿನ ಪದ್ಧತಿಯಂತೆ ಮಗುವನ್ನು ಪೊರ್ಫಿರಿ ಬೊರೊದಿನ್ ಎಂಬ ಮನೆಯ ಜೀತದಾಳಿನ ಮಗನೆಂದು ದಾಖಲೆಯಲ್ಲಿ ಬರೆಸಲಾಯಿತು. ಹೀಗೆ ರಾಜವಂಶೀಯನ ಮಗ ಹುಟ್ಟಿನಿಂದ ಜೀತದಾಳಾದನು. ತಂದೆಯು ತಾನು ಸಾಯುವ ಮುನ್ನ ಬಾಲಕನನ್ನು ಜೀತದಿಂದ ಬಿಡುಗಡೆ ಮಾಡಿ, ತಾಯಿ ಮಕ್ಕಳ ಜೀವನಕ್ಕೆ ಮನೆಯನ್ನೂ ಹಣವನ್ನೂ ಒದಗಿಸಿದನು. ರಷ್ಯಾದಲ್ಲಿ ಜೀತಪದ್ಧತಿ ಕಾನೂನಿನಿಂದ ತೊಲಗಿದುದು 1861ರಲ್ಲಿ. ಆ ವೇಳೆಗೆ ಈ ಬಾಲಕ ವಿದ್ವಾಂಸನಾಗಿ ವಿದೇಶದ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದನು.

ತಾಯಿಯು ಮಗನಿಗೆ ಮನೆಯಲ್ಲಿಯೇ ಪಾಠ ಹೇಳಿಸಿದಳು. ಅವನು ಹಲವು ಭಾಷೆಗಳನ್ನು ಕಲಿತನು. ಸೈನ್ಯದ ವಾದ್ಯಮೇಳದವನೊಬ್ಬನಿಂದ ಕೊಳಲು ಅಭ್ಯಾಸವಾಯಿತು. ಪಿಯಾನೋ ಕೈಗೆ ಒಲಿಯಿತು. ಪಿಟೀಲಿನ ಜಾತಿಗೆ ಸೇರಿದ ದೊಡ್ಡ ವಾದ್ಯವಾದ ಚೆಲ್ಲೊವನ್ನೂ ನುಡಿಸಲು ಕಲಿತನು. ಒಂಬತ್ತನೆಯ ವಯಸ್ಸಿನಲ್ಲಿಯೇ ನೃತ್ಯಕ್ಕೆ ಹೊಂದುವ ಒಂದು ಸಣ್ಣ ರಚನೆಯನ್ನು ಮಾಡಿದನು. ಇದೇ ಹುಡುಗನಿಗೆ ಬಾಣಬಿರುಸುಗಳನ್ನು ತಾನೇ ತಯಾರಿಸುವ ಹುಚ್ಚೂ ಹತ್ತಿತು. ಮನೆಯ ಕೋಣೆಗಳಲ್ಲಿ ಗಾಜಿನ ಬುರುಡೆಗಳೂ ದ್ರಾವಣಗಳೂ ತುಂಬಿಕೊಂಡವು. ಮುಂದಿನ ಬಾಳಿನ ಎರಡು ಎಳೆಗಳು ಹೀಗೆ ಬಾಲ್ಯದಲ್ಲಿಯೇ ಹೆಣೆದುಕೊಂಡವು.

1850ರಲ್ಲಿ ಬೊರೊದಿನ್ ರಾಜಧಾನಿಯ ವೈದ್ಯಕೀಯ ಶಸ್ತ್ರಚಿಕಿತ್ಸಾ ಅಕಾಡೆಮಿಯನ್ನು ಸೇರಿದನು. ಅಲ್ಲಿ ಅವನಿಗೆ ಗುರುವಾಗಿ ದೊರೆತವನು ನಿಕೊಲಾಯ್ ಜಿನಿನ್. ನೈಟ್ರೊಬೆಂಜೀನಿನಿಂದ ಅನಿಲೀನನ್ನು ಪಡೆಯುವ ವಿಧಾನವನ್ನು 1842ರಲ್ಲಿ ಕಂಡುಹಿಡಿದು, ಕೃತಕ ಬಣ್ಣಗಳ ಕೈಗಾರಿಕೆಗೆ ದಾರಿ ತೋರಿಸಿದ ಮಹನೀಯನು ಅವನು. ಶಿಷ್ಯನ ಪ್ರತಿಭೆಯನ್ನು ಕಂಡು ತನ್ನ ಉತ್ತರಾಧಿಕಾರಿ ಇವನೇ ಎಂದು ಜಿನಿನ್ ಮನಸ್ಸಿನಲ್ಲಿಯೇ ನಿಶ್ಚಯಿಸಿದನು. ಆದರೆ ಶಿಷ್ಯನು ಬಿಡುವಿನ ಹೊತ್ತನ್ನೆಲ್ಲ ಸಂಗೀತದಲ್ಲಿ ಕಳೆಯುವುದು ಗುರುವಿಗೆ ಸರಿಕಾಣಲಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಗತಿಯೇನೆಂದು ನಾವು ಹೇಳುವಂತೆಯೇ ಜಿನಿನ್ ಕೂಡ ಅವನನ್ನು ತರಗತಿಯ ಎಲ್ಲರೆದುರಿಗೆ ಎಚ್ಚರಿಸಿದನು. ಶಿಷ್ಯನು ಗುರುವನ್ನು ಕೊನೆಯವರೆಗೂ ಗೌರವಿಸಿದನು. ಆದರೆ ಈ ಒಂದು ಮಾತನ್ನು ಮಾತ್ರ ಪಾಲಿಸಲು ಅವನಿಂದ ಆಗಲಿಲ್ಲ.

ವ್ಯಾಸಂಗ ಮುಗಿಸಿದ ಬೊರೊದಿನ್ ಸೈನಿಕ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿ ಸೇವೆಗೆ ಸೇರಿದನು. ಒಮ್ಮೆ ಕ್ರೂರವಾದ ಕೋಲುಪೆಟ್ಟಿನ ಶಿಕ್ಷೆಗೆ ಗುರಿಯಾಗಿ ಬೆನ್ನು ಹರಿದುಹೋಗಿದ್ದ ಜೀತದಾಳುಗಳಿಗೆ ಚಿಕಿತ್ಸೆ ಮಾಡಬೇಕಾಗಿ ಬಂದಾಗ, ಆ ಗಾಯಗಳನ್ನು ನೋಡಲಾರದೆ ಅವನು ಮೂರ್ಛೆಹೋದನು. ವೈದ್ಯವೃತ್ತಿ ತನ್ನ ಸ್ವಭಾವಕ್ಕೆ ಒಗ್ಗದೆಂಬುದು ಅವನಿಗೆ ಮನವರಿಕೆಯಾಯಿತು. 1858ರಲ್ಲಿ ಆರ್ಸೆನಿಕ್ ಮತ್ತು ಫಾಸ್ಫರಿಕ್ ಆಮ್ಲಗಳ ಹೋಲಿಕೆಯನ್ನು ಕುರಿತ ಪ್ರಬಂಧಕ್ಕಾಗಿ ವೈದ್ಯಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದು, ಮರುವರ್ಷ ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಹೈಡಲ್‌ಬರ್ಗ್ ನಗರಕ್ಕೆ ತೆರಳಿದನು. ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಮುಂದೆ ರಚಿಸಿದ ಮೆಂಡಲೀಫ್ ಅಲ್ಲಿ ಅವನ ಒಡನಾಡಿಯಾದನು. ಗೆಳೆಯರಿಬ್ಬರೂ ಗುರು ಜಿನಿನ್ನನೊಡನೆ 1860ರ ಕಾರ್ಲ್ಸ್‌ರೂ ರಸಾಯನ ಸಮ್ಮೇಳನದಲ್ಲಿ ಭಾಗವಹಿಸಿದರು. ಹೈಡಲ್‌ಬರ್ಗಿನಲ್ಲಿಯೇ ಎಕತೆರಿನಾ ಪ್ರೊತೊಪೊಪೊವಾ ಎಂಬ ಪಿಯಾನೋ ವಾದಕಿಯ ಪರಿಚಯವಾಯಿತು. ಶ್ವಾಸಕೋಶದ ರೋಗದಿಂದ ನರಳುತ್ತಿದ್ದ ಆಕೆಗೆ ಚಳಿಗಾಲದಲ್ಲಿ ಬೆಚ್ಚನೆಯ ಹವೆ ಅಗತ್ಯವಾಗಿತ್ತು. ಆಕೆಯೊಡನೆ ಇಟಲಿಯ ಪೀಸಾ ನಗರಕ್ಕೆ ಹೋದ ಬೊರೊದಿನ್, ಅಲ್ಲಿನ ಪ್ರಯೋಗಶಾಲೆಯಲ್ಲಿ ದುಡಿದು 1862ರಲ್ಲಿ ಬೆಂಜಾಯ್ಲ್ ಫ್ಲೋರೈಡ್ ಎಂಬ ಹೊಸ ಸಂಯುಕ್ತವನ್ನು ತಯಾರಿಸಿದನು. 1863ರಲ್ಲಿ ಅವರಿಬ್ಬರ ವಿವಾಹವಾಯಿತು.

1862ರಲ್ಲಿ ಸ್ವದೇಶಕ್ಕೆ ಮರಳಿದ ಬೊರೊದಿನ್ ತಾನು ಓದಿದ ಅಕಾಡೆಮಿಯಲ್ಲಿಯೇ ಅಧ್ಯಾಪಕನಾದನು. ಎರಡು ವರ್ಷಗಳಲ್ಲಿ ಪೂರ್ಣ ಪ್ರಾಧ್ಯಾಪಕನಾದನು. ಅದೇ 1862ರಲ್ಲಿ ಬಲಕಿರೆವ್ ಎಂಬ ಸಂಗೀತಗಾರನ ಸ್ನೇಹವೂ ದೊರೆಯಿತು. ರಷ್ಯಾದ ಸಂಗೀತವು ರಷ್ಯಾದ ಜಾನಪದದಿಂದ, ಅಲ್ಲಿನ ಚರಿತ್ರೆಯಿಂದ ಮೂಡಿಬರಬೇಕೆಂಬುದು ಬಲಕಿರೆವನ ಹಂಬಲ. ಅವನ ಸುತ್ತ ಕೂಡಿದ ಗೆಳೆಯರ ಗುಂಪು ಮುಂದೆ ಪಂಚಕೂಟವೆಂದು ಪ್ರಸಿದ್ಧವಾಯಿತು. ಈ ಐವರ ಕಸುಬುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕೂಯಿ ಸೈನ್ಯದ ಕೋಟೆಕೊತ್ತಲಗಳ ತಜ್ಞ, ಮುಸೋರ್ಗ್‌ಸ್ಕಿ ಸೈನ್ಯವನ್ನು ಬಿಟ್ಟು ಸರಕಾರಿ ಕಚೇರಿ ಸೇರಿದ ನೌಕರ, ರಿಮ್‌ಸ್ಕಿ ಕೊರ್ಸಕೊವ್ ನೌಕಾಪಡೆಯ ಅಧಿಕಾರಿ, ಬೊರೊದಿನ್ ರಸಾಯನವಿಜ್ಞಾನಿ. ಸಂಗೀತದ ಪಾಠ ಹೇಳಿ ಬದುಕುತ್ತಿದ್ದ ನಾಯಕ ಬಲಕಿರೆವನೂ ಕಷ್ಟಕಾಲ ಬಂದಾಗ 1872ರಲ್ಲಿ ರೈಲ್ವೆಯಲ್ಲಿ ಗುಮಾಸ್ತಗಿರಿಗೆ ಸೇರಬೇಕಾಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ರಾಜಧಾನಿಯಲ್ಲಿ ಸಂಗೀತ ವಿದ್ಯಾಲಯ ಆರಂಭವಾದುದೇ 1862ರಲ್ಲಿ. ಅದಕ್ಕೆ ಮೊದಲು ಆ ದೇಶದಲ್ಲಿ ಸಂಗೀತ ರಚನೆಯು ಸಮಾಜದಲ್ಲಿ ಸ್ಥಾನಮಾನ ಕೊಡುವ ವೃತ್ತಿಯೆನಿಸಿರಲಿಲ್ಲ. ಆದುದರಿಂದ ಪ್ರತಿಭಾವಂತರು ಅನ್ನಕ್ಕಾಗಿ ಬೇರೊಂದು ಉದ್ಯೋಗವನ್ನು ಆಶ್ರಯಿಸಲೇಬೇಕಾಗಿತ್ತು.

ಆದರೆ ಬೊರೊದಿನ್ನನಿಗೆ ರಸಾಯನಶಾಸ್ತ್ರವು ಕೇವಲ ಅನ್ನದ ಮಾರ್ಗವಾಗಿರಲಿಲ್ಲ. ಅದೂ ಅವನ ಪ್ರೇಮವೇ ಆಗಿತ್ತು. ಆಲ್ಡಿಹೈಡ್ ಎಂಬ ವರ್ಗದ ವಸ್ತುಗಳನ್ನು ಕುರಿತು ಅವನು ಹಲವು ವರ್ಷ ಸಂಶೋಧನೆ ನಡೆಸಿದನು. ಅವುಗಳ ಎರಡು ಅಣುಗಳು ಒಂದುಗೂಡಿ ದೊಡ್ಡದೊಂದು ಅಣುವಾಗುವ ಕ್ರಿಯೆಯನ್ನು 1872ರಲ್ಲಿ ಅವನು ರಷ್ಯಾದಲ್ಲಿಯೂ, ವೂರ್ಟ್ಸ್ ಎಂಬ ವಿಜ್ಞಾನಿ ಫ್ರಾನ್ಸಿನಲ್ಲಿಯೂ ಬೇರೆಬೇರೆಯಾಗಿ ಪ್ರಕಟಿಸಿದರು. ಆಲ್ಡಾಲ್ ಕ್ರಿಯೆಯೆಂದು ಹೆಸರಾದ ಇದು ಇಂದಿಗೂ ಸಾವಯವ ರಸಾಯನಶಾಸ್ತ್ರದ ಮುಖ್ಯ ಪಾಠಗಳಲ್ಲಿ ಒಂದು. ಮೂತ್ರದಲ್ಲಿರುವ ಯೂರಿಯಾದ ಪ್ರಮಾಣವನ್ನು ಸುಲಭವಾಗಿ ಅಳೆಯುವ ವಿಧಾನವನ್ನೂ ಅವನು ರೂಪಿಸಿ ವೈದ್ಯರಿಗೆ ಉಪಕಾರ ಮಾಡಿದನು.

ಇವೆಲ್ಲಕ್ಕೂ ಮಿಗಿಲಾದುದು ಸ್ತ್ರೀಶಿಕ್ಷಣಕ್ಕಾಗಿ ಅವನು ಮಾಡಿದ ಸೇವೆ. ಹೆಂಗಸರು ವೈದ್ಯರಾಗುವುದನ್ನು ಬಹುಮಂದಿ ಒಪ್ಪದಿದ್ದ ಆ ಕಾಲದಲ್ಲಿ, 1872ರಲ್ಲಿ ರಾಜಧಾನಿಯಲ್ಲಿ ಮಹಿಳೆಯರ ವೈದ್ಯಕೀಯ ತರಗತಿಗಳು ಆರಂಭವಾದುವು. ಬೊರೊದಿನ್ ಅವುಗಳ ಸ್ಥಾಪನೆಗೆ ದುಡಿದು, 1885ರವರೆಗೂ ಅಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದನು. ಬಡ ವಿದ್ಯಾರ್ಥಿನಿಯರಿಗೆ ನೆರವಿನ ಹಣ ಕೂಡಿಸಲು ಓಡಾಡುವುದು, ಸಮಿತಿಗಳಲ್ಲಿ ವಾದಿಸುವುದು, ಯಾರದೋ ಕೆಲಸಕ್ಕೆ ಯಾರಿಗೋ ಪತ್ರ ಬರೆಯುವುದು ಅವನ ದಿನಚರಿಯಾಯಿತು.

ಅಕಾಡೆಮಿಯ ಕಟ್ಟಡದಲ್ಲಿಯೇ ಅವನ ವಾಸ, ಪಕ್ಕದಲ್ಲಿಯೇ ಪ್ರಯೋಗಶಾಲೆ. ಗೆಳೆಯರೊಡನೆ ಸಂಗೀತದ ಮಾತು ನಡೆಯುತ್ತಿರುವಾಗಲೇ ದಿಗ್ಗನೆ ಎದ್ದು, ಒಲೆಯ ಮೇಲಿಟ್ಟ ದ್ರಾವಣ ಉಕ್ಕಿತೋ ಏನೋ ಎಂದು ನೋಡಲು ಓಡುವನು. ಓಣಿಯುದ್ದಕ್ಕೂ ಸ್ವರಗಳನ್ನು ಗುನುಗುತ್ತ ಹಿಂದಿರುಗುವನು. ಮನೆಯಲ್ಲಿ ಊಟಕ್ಕೂ ನಿದ್ರೆಗೂ ಗೊತ್ತಾದ ಹೊತ್ತಿರಲಿಲ್ಲ. ಬಂದ ನೆಂಟರಿಷ್ಟರು ಕಂಡಕಂಡಲ್ಲಿ ಮಲಗಿರುತ್ತಿದ್ದರು. ಅವರ ನಿದ್ರೆ ಕೆಟ್ಟೀತೆಂದು ಯಜಮಾನನೇ ಪಿಯಾನೋ ಮುಟ್ಟದೆ ಸುಮ್ಮನಿರುತ್ತಿದ್ದನು. ಊಟದ ಮೇಜಿನ ಮೇಲೆ ಬೆಕ್ಕುಗಳು ಅಳುಕಿಲ್ಲದೆ ತಟ್ಟೆಗಳಿಗೆ ಬಾಯಿಹಾಕುತ್ತಿದ್ದುವು. ಮಕ್ಕಳಿಲ್ಲದ ಆ ದಂಪತಿಗಳು ಕೆಲವು ಹೆಣ್ಣುಮಕ್ಕಳನ್ನು ಸಾಕಿಕೊಂಡಿದ್ದರು.

ಇಂಥ ಬಾಳಿನಲ್ಲಿ ಸಂಗೀತಕ್ಕೆ ಬಿಡುವೆಲ್ಲಿ? ಬೇಸಗೆಯ ರಜೆಯಲ್ಲಿ, ಇಲ್ಲವೆ ಪಾಠಕ್ಕೆ ಹೋಗಲಾಗದಷ್ಟು ನೆಗಡಿ ತಲೆನೋವುಗಳು ಬಂದು ಮನೆಯಲ್ಲಿ ಮಲಗಿದಾಗ ಮಾತ್ರ. ಅದಕ್ಕಾಗಿಯೇ ಸಂಗೀತದ ಗೆಳೆಯರು ತನಗೆ ಆರೋಗ್ಯವನ್ನು ಹಾರೈಸದೆ ಅನಾರೋಗ್ಯವನ್ನು ಹಾರೈಸುತ್ತಾರೆಂದು ಅವನು ನಗೆಯಾಡುತ್ತಿದ್ದನು. ಮೊದಲನೆಯ ಸಿಂಫನಿಯ ರಚನೆಗೆ ಐದು ವರ್ಷ ಹಿಡಿಯಿತು. ಅದು ಸಭೆಯಲ್ಲಿ ಕೇಳಿಬಂದುದು 1869ರಲ್ಲಿ. ಎರಡನೆಯದನ್ನು ಆರಂಭಿಸಿದುದು ಅದೇ ವರ್ಷ. ಸಭೆಗೆ ಬಂದುದು 1877ರಲ್ಲಿ. ಆ ಪ್ರದರ್ಶನದ ಹೊತ್ತಿಗೆ ಅದರ ಎರಡು ಭಾಗಗಳ ಸ್ವರಲಿಪಿ ಕಳೆದುಹೋಗಿದ್ದುದರಿಂದ, ಕಾಯಿಲೆಯಿಂದ ಮಲಗಿದಲ್ಲಿಯೇ ಅವನು ಅವನ್ನು ಮತ್ತೆ ಬರೆಯಬೇಕಾಯಿತು.

ಅದೇ ವರ್ಷದ ಬೇಸಗೆಯಲ್ಲಿ ಶಿಷ್ಯರನ್ನು ಜರ್ಮನಿಯ ಯೇನಾ ವಿಶ್ವವಿದ್ಯಾಲಯಕ್ಕೆ ಸೇರಿಸಲೆಂದು ಹೋದವನು, ಸಮೀಪದ ವೈಮಾರ್ ನಗರದಲ್ಲಿದ್ದ ಜಗತ್ಪ್ರಸಿದ್ಧ ಸಂಗೀತಗಾರ ಲಿಸ್ಟ್‌ನನ್ನು ಕಂಡನು. ಲಿಸ್ಟ್ ಅವನ ರಚನೆಗಳನ್ನು ಬಾಯಿತುಂಬ ಹೊಗಳಿದನು. 1880ರಲ್ಲಿ ಮೊದಲನೆಯ ಸಿಂಫನಿಯು ಜರ್ಮನಿಯ ಬಾಡೆನ್ ಬಾಡೆನ್ ನಗರದಲ್ಲಿ ನುಡಿಸಲ್ಪಟ್ಟಿತು. ಹೀಗೆ ವೃತ್ತಿಯ ಕಾರಣದಿಂದ ಕೈಗೊಂಡ ಪ್ರಯಾಣವೊಂದು ಅವನ ಸಂಗೀತವನ್ನು ಯೂರೋಪಿಗೆ ಪರಿಚಯಿಸಿತು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಸಾಗುವ ಸಾರ್ಥವಾಹರ ಗುಂಪನ್ನು ಚಿತ್ರಿಸುವ ವಾದ್ಯವೃಂದದ ರಚನೆ 1880ರಲ್ಲಿ ಹೊರಬಂದಿತು. 1881ರಲ್ಲಿ ರಚಿಸಿದ ಎರಡನೆಯ ತಂತಿವಾದ್ಯ ಚತುಷ್ಟಯವನ್ನು ಅವನು ತನ್ನ ಮಡದಿಗೆ ಅರ್ಪಿಸಿದನು. ಅದರ ಮೂರನೆಯ ಭಾಗದ ಮಾಧುರ್ಯ ಲೋಕಪ್ರಿಯವಾಗಿದೆ.

ಅವನ ಜೀವಮಾನದ ದೊಡ್ಡ ಕೃತಿಯೆಂದರೆ ಪ್ರಿನ್ಸ್ ಇಗೊರ್ ಎಂಬ ಗೀತನಾಟಕ. 1185ರಲ್ಲಿ ಪೊಲೊವ್ತ್ಸಿ ಎಂಬ ಅಲೆಮಾರಿ ಜನರ ಮೇಲೆ ದಂಡೆತ್ತಿ ಹೋಗಿ ಸೆರೆಸಿಕ್ಕಿದ ರಷ್ಯನ್ ರಾಜಕುಮಾರನ ಕಥೆ ಅದರ ವಸ್ತು. 1869ರಲ್ಲಿ ಕೈಗೆತ್ತಿಕೊಂಡ ಆ ಕೃತಿಗಾಗಿ ವಿಜ್ಞಾನಿಗೆ ತಕ್ಕ ಶ್ರದ್ಧೆಯಿಂದ ಹಳೆಯ ಇತಿಹಾಸ ಗ್ರಂಥಗಳನ್ನೆಲ್ಲ ಓದಿದನು. ಆದರೆ ಬರವಣಿಗೆ ಮಾತ್ರ ಕುಂಟುತ್ತ ಸಾಗಿತು. 1879ರಲ್ಲಿ ಅದರ ಪೊಲೊವ್ತ್ಸಿ ನೃತ್ಯಗಳನ್ನು ಸಭೆಯಲ್ಲಿ ನುಡಿಸಬೇಕೆಂದು ರಿಮ್‌ಸ್ಕಿ ಕೊರ್ಸಕೊವ್ ಪ್ರಕಟಿಸಿಬಿಟ್ಟಿದ್ದನು. ದಿನ ಹತ್ತಿರ ಬಂದರೂ ವಾದ್ಯವಿಭಾಗದ ಬರಹ ಸಿದ್ಧವಾಗಿರಲಿಲ್ಲ. ಕಡೆಗೆ ರಿಮ್‌ಸ್ಕಿ ಕೊರ್ಸಕೊವನೂ ಲ್ಯಾದೊವ್ ಎಂಬ ಕಿರಿಯ ಗೆಳೆಯನೂ ಒಂದು ಸಂಜೆ ಬೊರೊದಿನ್ನನ ಮನೆಗೇ ಬಂದರು. ಮೂವರೂ ಕುಳಿತು ಸೀಸದ ಕಡ್ಡಿಯಿಂದ ತಡರಾತ್ರಿಯವರೆಗೆ ಬರೆದರು. ಬರಹ ಅಳಿಸದಂತೆ ಹಾಳೆಗಳಿಗೆ ಬೊರೊದಿನ್ ಜೆಲಟಿನ್ ದ್ರವವನ್ನು ಲೇಪಿಸಿ, ಬಟ್ಟೆ ಒಣಗಹಾಕುವಂತೆ ಕೋಣೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿದನು. ರಸಾಯನವಿಜ್ಞಾನಿಯ ಕೈಚಳಕ ಸಂಗೀತಗಾರನ ಮಾನವನ್ನು ಉಳಿಸಿತು.

1885ರಲ್ಲಿ ಕಾಲರಾ ಅವನನ್ನು ಹಣ್ಣುಮಾಡಿತು, ಹೃದಯವೂ ದುರ್ಬಲವಾಯಿತು. 1887ರ ಫೆಬ್ರವರಿ 27ರಂದು ಅಕಾಡೆಮಿಯಲ್ಲಿ ಏರ್ಪಟ್ಟಿದ್ದ ವೇಷಭೂಷಣದ ಕೂಟದಲ್ಲಿ, ರಷ್ಯಾದ ದೇಶೀಯ ಉಡುಪನ್ನು ಧರಿಸಿ ನಗುನಗುತ್ತ ಮಾತನಾಡುತ್ತಿದ್ದಂತೆಯೇ ಅವನು ಕುಸಿದುಬಿದ್ದು ಪ್ರಾಣಬಿಟ್ಟನು. ಸುತ್ತಲೂ ವೈದ್ಯರಿದ್ದರೂ ಉಳಿಸಿಕೊಳ್ಳಲಾಗಲಿಲ್ಲ. ಆಗ ಅವನಿಗೆ ಐವತ್ತಮೂರು ವರ್ಷ. ಹದಿನೆಂಟು ವರ್ಷಗಳಿಂದ ಬರೆಯುತ್ತಿದ್ದ ಪ್ರಿನ್ಸ್ ಇಗೊರ್ ಅಪೂರ್ಣವಾಗಿಯೇ ಇತ್ತು. ಗೆಳೆಯ ರಿಮ್‌ಸ್ಕಿ ಕೊರ್ಸಕೊವ್ ಮತ್ತು ತರುಣ ಗ್ಲಾಜುನೊವ್ ಚದುರಿದ ಹಾಳೆಗಳನ್ನು ಕೂಡಿಸಿ, ಬಿಟ್ಟುಹೋದುದನ್ನು ತುಂಬಿ ಅದನ್ನು ಪೂರ್ಣಗೊಳಿಸಿದರು. 1890ರಲ್ಲಿ ಅದು ಸೇಂಟ್ ಪೀಟರ್ಸ್‌ಬರ್ಗಿನ ಮರಿಯಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು.

ಬೊರೊದಿನ್ ಒಂದೇ ದೋಣಿಯನ್ನು ಹಿಡಿದಿದ್ದರೆ ಇನ್ನೂ ಹೆಚ್ಚಿನದನ್ನು ಸಾಧಿಸುತ್ತಿದ್ದನೆ? ಅವನ ಗುರುವಿಗೂ ಹಾಗೆನ್ನಿಸಿತು, ಸಂಗೀತದ ಗೆಳೆಯರಿಗೂ ಹಾಗೆನ್ನಿಸಿತು. ಗುರು ಬಿಡಬೇಕೆಂದುದು ಸಂಗೀತವನ್ನು. ಗೆಳೆಯರು ಕಡಿಮೆ ಮಾಡಬೇಕೆಂದುದು ಉಳಿದೆಲ್ಲವನ್ನು. ಇಬ್ಬರ ಮಾತಿನಲ್ಲಿಯೂ ನಿಜವಿತ್ತು. ಎರಡು ಕೆಲಸಗಳನ್ನು ಮಾಡುವವನು ಅದಕ್ಕೆ ತಕ್ಕ ಬೆಲೆಯನ್ನು ತೆರಲೇಬೇಕು; ಬೊರೊದಿನ್ ಆ ಬೆಲೆಯನ್ನು ಮುಗಿಯದ ಕೃತಿಗಳ ರೂಪದಲ್ಲಿ ತೆತ್ತನು. ಆದರೆ ವಿದ್ಯಾರ್ಥಿಯೊಬ್ಬನು ನೆರವು ಬೇಡಿ ಬಾಗಿಲಿಗೆ ಬಂದಾಗ ಸಂಗೀತದ ನೆಪ ಹೇಳಿ ಅವನನ್ನು ಹಿಂದಕ್ಕೆ ಕಳುಹಿಸುವುದು ಅವನ ಸ್ವಭಾವಕ್ಕೆ ಸಾಧ್ಯವಿರಲಿಲ್ಲ. ಅವನು ತೀರಿಕೊಂಡಾಗ ಅವನಲ್ಲಿ ಓದಿ ವೈದ್ಯರಾದ ಮಹಿಳೆಯರು ಬೆಳ್ಳಿಯ ಹಾರವೊಂದನ್ನು ಮಾಡಿಸಿ ಅರ್ಪಿಸಿದರು. ಅವನ ಸಮಾಧಿಯ ಮೇಲೆ ಅವನ ಸಂಗೀತದ ಸ್ವರಲಿಪಿ ಮೂಡಿದೆ. ರಾಜಧಾನಿಯ ಗದ್ದಲದಲ್ಲಿ ಬಿಡುವಿಗಾಗಿ ಪರದಾಡಿದ ಆ ಭಾನುವಾರದ ಸಂಗೀತಗಾರನಿಗೆ ಈ ಎರಡು ಗೌರವಗಳೂ ಸಮನಾಗಿಯೇ ಸಲ್ಲತಕ್ಕವು.