ಹಾಕ್ಸ್‌ಟನ್‌ನ ವೈದ್ಯ ಮತ್ತು ಅಪ್ಪನ ನಿದ್ದೆ

ಕಳೆದ ಯುಗಾದಿಗೆ ತಿಪಟೂರಿಗೆ ಹೋದಾಗ ಅಮ್ಮ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಸೆಕೆಗೆ ಇರಬೇಕು ಅಂದುಕೊಂಡೆ. ಎರಡನೇ ರಾತ್ರಿ ಕೋಣೆಯಿಂದ ದಡಕ್ಕನೆ ಸದ್ದು ಬಂತು. ಎದ್ದು ಹೋಗಿ ನೋಡಿದರೆ ಅಪ್ಪ ಮಂಚದ ಪಕ್ಕದ ಸ್ಟೂಲಿಗೆ ಗುದ್ದಿ ಕೈ ತರಚಿಕೊಂಡಿದ್ದರು. ತೋಟಕ್ಕೆ ನುಗ್ಗಿದ ಹಂದಿ ಓಡಿಸುತ್ತಿದ್ದರಂತೆ, ಕನಸಿನಲ್ಲಿ. ಅಮ್ಮನಿಗೆ ಇದು ಒಂದು ವರ್ಷದಿಂದ ಗೊತ್ತು. ಎರಡು ಸಲ ಏಟೂ ತಿಂದಿದ್ದಾಳೆ. ಪುಣೆಯಲ್ಲಿರುವ ಮಗನಿಗೆ ಸುಮ್ಮನೆ ಯಾಕೆ ಚಿಂತೆ ಹಚ್ಚುವುದು ಎಂದು ಫೋನಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

ಬೆಂಗಳೂರಿನ ನರರೋಗ ತಜ್ಞರು ಅಪ್ಪನಿಗಿಂತ ಅಮ್ಮನನ್ನೇ ಹೆಚ್ಚು ಪ್ರಶ್ನೆ ಕೇಳಿದರು. ವಯಸ್ಸಾದವರು ಕನಸಿನಲ್ಲಿ ಕಂಡಂತೆಯೇ ಕೈಕಾಲು ಬೀಸುವುದು ಪಾರ್ಕಿನ್ಸನ್ ಕಾಯಿಲೆಗೆ ಅಥವಾ ಮರೆವಿನ ಕಾಯಿಲೆಗೆ ಮುನ್ಸೂಚನೆ ಇರಬಹುದು, ಗಮನಿಸುತ್ತಿರಿ ಎಂದರು. ಪುಣೆಗೆ ವಾಪಸಾಗುವ ಬಸ್ಸಿನಲ್ಲಿ ಕಾಯಿಲೆಯ ಬಗ್ಗೆ ಓದಲು ಮೊಬೈಲ್ ತೆಗೆದವನು ಆ ಹೆಸರಿನ ಮನುಷ್ಯನ ಬಗ್ಗೆ ಓದುತ್ತಾ ಕುಳಿತುಬಿಟ್ಟೆ.

ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ್ದು 1755ರ ಏಪ್ರಿಲ್ 11ರಂದು, ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ. ತಂದೆ ಅಲ್ಲಿಯೇ ವೈದ್ಯರಾಗಿದ್ದರು. ಮಗ ಅವರ ಕೈಕೆಳಗೆ ಕೆಲಸ ಕಲಿತು 1784ರಲ್ಲಿ ಸರ್ಜನ್ ಆದ. ಮರುವರ್ಷ ಹೆಸರಾಂತ ಸರ್ಜನ್ ಜಾನ್ ಹಂಟರ್ ಅವರ ಉಪನ್ಯಾಸಗಳಿಗೆ ಹೋಗಿ ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡ. ಕಂಡದ್ದನ್ನು, ಕೇಳಿದ್ದನ್ನು ಬರೆದಿಡುವುದು ಅವನಿಗೆ ಅಭ್ಯಾಸವೇ ಆಗಿತ್ತು. ನಮ್ಮ ಹಾಗೆ ಊರು ಬಿಟ್ಟವನಲ್ಲ. ದೀಕ್ಷಾಸ್ನಾನ, ಮದುವೆ, ಮಣ್ಣು ಮೂರೂ ಅದೇ ಬಡಾವಣೆಯ ಸೇಂಟ್ ಲಿಯೊನಾರ್ಡ್ ಚರ್ಚಿನಲ್ಲಿ ನಡೆದವು.

ಊರಿನಲ್ಲೇ ಇದ್ದ ಎಂದರೆ ಸುಮ್ಮನಿದ್ದ ಎಂದಲ್ಲ. ಬಡವರಿಗೂ ಮತದ ಹಕ್ಕು ಬೇಕು ಎಂದು ಓಲ್ಡ್ ಹ್ಯೂಬರ್ಟ್ ಎಂಬ ಹೆಸರಿನಲ್ಲಿ ಕರಪತ್ರ ಬರೆದ. ದೊರೆ ಮೂರನೇ ಜಾರ್ಜ್‌ನನ್ನು ವಿಷದ ಬಾಣದಿಂದ ಕೊಲ್ಲಲು ಸಂಚು ನಡೆದಿದೆ ಎಂಬ ಆರೋಪದಲ್ಲಿ ಗೆಳೆಯರು ಸಿಕ್ಕಿಬಿದ್ದಾಗ, 1794ರಲ್ಲಿ ಪ್ರಿವಿ ಕೌನ್ಸಿಲ್ ಮುಂದೆ ನಿಂತು ಅವರ ಪರ ಸಾಕ್ಷಿ ಹೇಳಿದ. ಆಮೇಲೆ ಪಳೆಯುಳಿಕೆಗಳ ಹುಚ್ಚು ಹಿಡಿಯಿತು. 1804ರಿಂದ 1811ರವರೆಗೆ ಆ ಬಗ್ಗೆ ಮೂರು ಸಂಪುಟ ಬರೆದ. 1807ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಕಟ್ಟಿದವರಲ್ಲಿ ಅವನೂ ಒಬ್ಬ. ಬದುಕಿದ್ದಾಗ ಅವನಿಗೆ ಹೆಸರು ತಂದದ್ದು ಈ ಕಲ್ಲುಗಳೇ.

ಅವನ ಹೆಸರನ್ನು ಇಂದಿಗೂ ಉಳಿಸಿರುವುದು 1817ರಲ್ಲಿ, 62ನೇ ವಯಸ್ಸಿನಲ್ಲಿ ಬರೆದ 66 ಪುಟಗಳ ಪುಸ್ತಿಕೆ. ವಿಷಯ ನಡುಗುವ ಪಾರ್ಶ್ವವಾಯು. ಅದರಲ್ಲಿರುವುದು ಆರೇ ಜನರ ಕಥೆ. ಇಬ್ಬರನ್ನು ಅವನು ಬೀದಿಯಲ್ಲಿ ಕಂಡು ಮಾತನಾಡಿಸಿದ್ದ. ಇನ್ನೊಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಒಬ್ಬ ತೋಟದ ಮಾಲಿ, ತೋಟದ ಕೆಲಸದಿಂದಲೇ ಕೈ ನಡುಗುತ್ತಿದೆ ಎಂದು ನಂಬಿದ್ದವನು. ಇನ್ನೊಬ್ಬ ನಾವಿಕ, ಸ್ಪೇನ್‌ನ ಜೈಲಿನಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ಮಲಗಿದ್ದೇ ಕಾರಣ ಎನ್ನುತ್ತಿದ್ದವನು. ಕೆಲವರು ಬೇರೆ ಬೇರೆ ಕಾರಣ ಹೇಳಿದರೂ ಎಲ್ಲರಿಗೂ ಬಂದಿರುವುದು ಒಂದೇ ಕಾಯಿಲೆ ಎಂದು ಅವನು ಗುರುತಿಸಿದ. ಬಾಗಿದ ಬೆನ್ನು, ತಡೆಯಲಾಗದೆ ಓಟವಾಗುವ ನಡಿಗೆ, ಸುಮ್ಮನಿದ್ದಾಗಲೂ ನಡುಗುವ ಕೈ, ಎಲ್ಲವನ್ನೂ ಬರೆದ.

ಅಷ್ಟಕ್ಕೇ ನಿಲ್ಲದೆ ರಾತ್ರಿಯ ಕಥೆಯನ್ನೂ ಬರೆದ. ಕಾಯಿಲೆ ಬಲಿತಂತೆ ನಿದ್ದೆ ಕೆಡುತ್ತದೆ, ನಿದ್ದೆಯಲ್ಲೂ ಕೈಕಾಲು ಅಲುಗಿ ಕೊನೆಗೆ ರೋಗಿಯನ್ನೇ ಎಬ್ಬಿಸುತ್ತದೆ ಎಂದು ದಾಖಲಿಸಿದ. ನಮ್ಮಪ್ಪನ ಗುದ್ದಾಟ ಈ ನಡುಕವಲ್ಲ, ಬೇರೆ. ಆದರೂ ಮುದುಕರ ನಿದ್ದೆಯಲ್ಲಿ ನಡೆಯುವುದಕ್ಕೂ ಹಗಲಿನ ಕಾಯಿಲೆಗೂ ಸಂಬಂಧವಿದೆ ಎಂದು 200 ವರ್ಷದ ಹಿಂದೆಯೇ ಒಬ್ಬ ವೈದ್ಯ ಗಮನಿಸಿದ್ದ ಎಂಬುದು ನನಗೆ ದೊಡ್ಡದಾಗಿ ಕಂಡಿತು.

ಒಂದು ವಿಷಯದಲ್ಲಿ ಮಾತ್ರ ಅವನು ಎಡವಿದ. ಈ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ ಎಂದು ಬರೆದ. ಹಾಗೆ ಬರೆದವನೇ, ಕೊನೆಯ ಹಂತದಲ್ಲಿ ಸದಾ ಮಂಪರು, ಸ್ವಲ್ಪ ಬಡಬಡಿಕೆ ಇರುತ್ತದೆ ಎಂದೂ ಸೇರಿಸಿದ್ದಾನೆ. ಹಲವರಲ್ಲಿ ಯೋಚನೆ ನಿಧಾನವಾಗುತ್ತದೆ, ಕೆಲವರಿಗೆ ಮರೆವಿನ ಕಾಯಿಲೆಯೇ ಬರುತ್ತದೆ ಎಂಬುದು ಈಗ ಗೊತ್ತಿರುವ ಸಂಗತಿ. 1824ರ ಡಿಸೆಂಬರ್ 21ರಂದು ಅವನು ತೀರಿಕೊಂಡಾಗ ಪುಸ್ತಿಕೆಯನ್ನು ಗಮನಿಸಿದವರು ಕಡಿಮೆ. ದಶಕಗಳ ನಂತರ ಪ್ಯಾರಿಸ್ಸಿನ ನರವೈದ್ಯ ಶಾರ್ಕೊ ಕಾಯಿಲೆಗೆ ಅವನ ಹೆಸರಿಟ್ಟರು. ಅವನದೆಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಇಲ್ಲ. ಇಂಟರ್‌ನೆಟ್‌ನಲ್ಲಿ ಓಡಾಡುವ ಗಡ್ಡದ ಫೋಟೊ ಬೇರೆ ಯಾರದೋ. ಅವನು ಸಾಯುವ ಹೊತ್ತಿಗೆ ಜನರ ಫೋಟೊ ತೆಗೆಯುವುದೇ ಶುರುವಾಗಿರಲಿಲ್ಲ.

ಅಪ್ಪನಿಗಿರುವ ತೊಂದರೆಯನ್ನು 1986ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರಾದ ಶೆಂಕ್ ಮತ್ತು ಮಹೊವಾಲ್ಡ್ ವಿವರಿಸಿದರು. ಕನಸು ಬೀಳುವ ನಿದ್ದೆಯಲ್ಲಿ ಮಿದುಳಿನ ಕಾಂಡ ಕೈಕಾಲುಗಳ ಸ್ನಾಯುಗಳಿಗೆ ಬೀಗ ಹಾಕಿರುತ್ತದೆ. ಆ ಬೀಗ ಸಡಿಲವಾದರೆ ಕನಸಿನ ಜಗಳ ಮಂಚದ ಮೇಲೆ ನಡೆಯುತ್ತದೆ. ಇಂಥವರಲ್ಲಿ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ಬಳಗದ ಮರೆವಿನ ಕಾಯಿಲೆ ಕಾಣಿಸಿಕೊಂಡಿದೆ. ಹಾಗೆಂದು ಒದ್ದಾಡುವವರಿಗೆಲ್ಲ ಅದೇ ಎಂದಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿಂದ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ರಾತ್ರಿಯಿಡೀ ನಡೆಸುವ ನಿದ್ದೆ ಪರೀಕ್ಷೆಯಿಂದ ಅದು ತಿಳಿಯುತ್ತದೆ.

ಪಾರ್ಕಿನ್ಸನ್‌ಗೆ ಇದ್ದದ್ದು ಕಣ್ಣು, ಕಿವಿ ಮತ್ತು ತನ್ನದೇ ಬೀದಿ. ನಾನಿರುವುದು ಎಂಟುನೂರು ಕಿಲೊಮೀಟರ್ ದೂರದಲ್ಲಿ. ವಿಡಿಯೊ ಕಾಲ್‌ನಲ್ಲಿ ಅಪ್ಪನ ಮುಖ ಕಾಣುತ್ತದೆ, ನಡಿಗೆ ಕಾಣುವುದಿಲ್ಲ, ನಿದ್ದೆಯಂತೂ ಕಾಣುವುದೇ ಇಲ್ಲ. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳಿದವನು ರಾತ್ರಿ ಹೇಗಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅಮ್ಮ ಹೇಳುತ್ತಿದ್ದಳೇನೋ.

ಈಗ ಸ್ಟೂಲು ಕೋಣೆಯಿಂದ ಆಚೆ ಹೋಗಿದೆ, ಹಾಸಿಗೆ ನೆಲಕ್ಕೆ ಬಂದಿದೆ. ಅಪ್ಪ ದಿನಾ ತೋಟಕ್ಕೆ ಹೋಗುತ್ತಾರೆ, ಪದಬಂಧವನ್ನೂ ಬಿಟ್ಟಿಲ್ಲ. ಅವರು ಒದ್ದಾಡಿದ ರಾತ್ರಿಗಳನ್ನು ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿಡುತ್ತಾಳೆ. ಭಾನುವಾರ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು, ಈ ವಾರ ಎಷ್ಟು ಸುತ್ತು ಅಂತ.