ಸೆರೆಯೊಯ್ಯಲ್ಪಟ್ಟ ಮೇರಿ ರೋಲೆಂಡ್ಸನ್ ಅಮ್ಮನವರು

ಅಮೇರಿಕ ದೇಶದ ಮ್ಯಾಸಚುಸೆಟ್ಸ್ ಸೀಮೆಯಲ್ಲಿ ಪ್ರಿನ್ಸ್‌ಟನ್ ಎಂಬ ಊರಿನ ಬಳಿ ಒಂದು ದೊಡ್ಡ ಬಂಡೆಯಿದೆ. ಅದಕ್ಕೆ ವಿಮೋಚನೆಯ ಬಂಡೆಯೆಂದು ಹೆಸರು. ಮೇರಿ ರೋಲೆಂಡ್ಸನ್ ಅಮ್ಮನವರು ಸೆರೆಯಲ್ಲಿ ನಡೆದ ದಾರಿಯನ್ನು ಹುಡುಕಿಕೊಂಡು ಬರುವವರು ಇಂದಿಗೂ ಅದರ ಮುಂದೆ ನಿಂತು ನೋಡುತ್ತಾರೆ.

ಈಕೆಯು ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಸಮುದ್ರವನ್ನು ದಾಟಿ ಬಂದು, ಲ್ಯಾಂಕಾಸ್ಟರ್ ಎಂಬ ಗಡಿಗ್ರಾಮದ ಸಭಾಪಾಲಕನಾದ ಜೋಸೆಫನಿಗೆ ಹೆಂಡತಿಯಾದಳು. ಇಂಗ್ಲಿಷರು ಆ ನಾಡಿನ ಮೂಲನಿವಾಸಿಗಳ ಭೂಮಿಯನ್ನು ವರುಷ ವರುಷಕ್ಕೆ ಒತ್ತಿಕೊಳ್ಳುತ್ತಾ ಬಂದದ್ದರಿಂದ 1675ರಲ್ಲಿ ಯುದ್ಧವು ಹುಟ್ಟಿತು. 1676ನೆಯ ಇಸವಿಯ ಫೆಬ್ರವರಿಯಲ್ಲಿ, ಜೋಸೆಫನು ದಂಡಿನ ಸಹಾಯವನ್ನು ಬೇಡಲು ಬಾಸ್ಟನಿಗೆ ಹೋಗಿದ್ದಾಗ, ಶತ್ರುಗಳು ಊರಿನ ಮೇಲೆ ಬಿದ್ದು ಮನೆಗೆ ಬೆಂಕಿಯಿಟ್ಟರು. ಒಂದೇ ಗುಂಡು ತಾಯಿಯ ಪಕ್ಕೆಗೂ ಆಕೆಯ ತೋಳಲ್ಲಿದ್ದ ಆರು ವರುಷದ ಸಾರಳಿಗೂ ತಗಲಿತು. ಗಾಯಗೊಂಡ ಕೂಸನ್ನು ಹೊತ್ತುಕೊಂಡು ಹಿಮದಲ್ಲಿ ನಡೆದಳು. ಒಂಭತ್ತನೆಯ ದಿನದ ರಾತ್ರಿ ಕೂಸು ತಾಯಿಯ ಮಡಿಲಲ್ಲಿಯೇ ಪ್ರಾಣ ಬಿಟ್ಟಿತು. ಸೆರೆಹಿಡಿದವರೇ ಅದನ್ನು ಗುಡ್ಡದ ಮೇಲೆ ಹೂಣಿಟ್ಟು, ಆ ಸ್ಥಳವನ್ನು ಆಕೆಗೆ ತೋರಿಸಿದರು.

ಹನ್ನೊಂದು ವಾರಗಳಿಗೂ ಹೆಚ್ಚು ಕಾಲ, 20 ಸಾರಿ ಬಿಡಾರ ಕಿತ್ತು, ಕನೆಕ್ಟಿಕಟ್ ನದಿಯನ್ನೂ ದಾಟಿ, ಅವರೊಂದಿಗೆ ಅಲೆದಳು. ಕಾಲುಚೀಲ ಹೆಣೆದು, ಅಂಗಿ ಹೊಲಿದು ಹೊಟ್ಟೆ ಹೊರೆದಳು. ಕೊಳ್ಳೆಯಿಂದ ಬಂದ ಒಂದು ಸತ್ಯವೇದವನ್ನು ಅವರಲ್ಲೊಬ್ಬನು ಆಕೆಗೆ ಕೊಟ್ಟನು. ಆಕೆಯ ಮಾನಕ್ಕೆ ಯಾರೂ ಕೈಯಿಕ್ಕಲಿಲ್ಲ. ಇದನ್ನು ಆಕೆಯೇ ಒಪ್ಪಿಕೊಂಡಿದ್ದಾಳೆ.

ಬಿಡುಗಡೆಯ ಮಾತನ್ನು ಹೊತ್ತು ಹೋದವರು ಯಾರು? ಆ ನಾಡಿನ ಕ್ರೈಸ್ತರಾದ ಟಾಮ್ ಡಬ್ಲೆಟ್ ಮತ್ತು ಪೀಟರ್ ಎಂಬವರು. ಆಗ ಅವರ ಜನರು ಏನೂ ತಪ್ಪುಮಾಡದಿದ್ದರೂ, ಬರೀ ಸಂಶಯಕ್ಕೆ ಗುರಿಯಾಗಿ, ಬಾಸ್ಟನ್ ರೇವಿನ ಡೀರ್ ದ್ವೀಪದಲ್ಲಿ ಕೂಡಿಹಾಕಲ್ಪಟ್ಟಿದ್ದರು. ಅಲ್ಲಿ ಚಳಿಯಿಂದಲೂ ಹಸಿವೆಯಿಂದಲೂ ಬಹುಮಂದಿ ಸತ್ತರು. ತಮ್ಮನ್ನು ನಂಬದವರ ಹೆಂಗಸಿಗಾಗಿ ಇವರು ಶತ್ರುಗಳ ಕಾಡಿಗೆ ನಡೆದರು. ಸಂಧಾನದ ಕಾಗದಗಳನ್ನು ಬರೆದವರಲ್ಲಿ ಜೇಮ್ಸ್ ಪ್ರಿಂಟರ್ ಎಂಬವನೊಬ್ಬನು. ಜಾನ್ ಎಲಿಯಟ್ ಬೋಧಕರು ಆ ಜನರ ಭಾಷೆಗೆ ತಿರುಗಿಸಿದ ಸತ್ಯವೇದವು 1663ರಲ್ಲಿ ಅಚ್ಚಾದಾಗ ಮುದ್ರಾಲಯದಲ್ಲಿ ದುಡಿದವನು ಇವನೇ. ಮೇ 2ರಂದು ಜಾನ್ ಹೋರ್ ಎಂಬವನು ಆ ಬಂಡೆಯ ಬಳಿ 20 ಪೌಂಡು ತೆತ್ತು ಆಕೆಯನ್ನು ಬಿಡಿಸಿಕೊಂಡನು. ಉಳಿದ ಇಬ್ಬರು ಮಕ್ಕಳೂ ಆಮೇಲೆ ಮರಳಿದರು.

1682ರಲ್ಲಿ ಆಕೆಯ ವೃತ್ತಾಂತವು ಪುಸ್ತಕವಾಗಿ ಹೊರಟು ಬಹು ಪ್ರಸಿದ್ಧವಾಯಿತು. ಅದರಲ್ಲಿ ಆಕೆಯು ಆ ನಾಡಿನ ಕ್ರೈಸ್ತರ ವಿಷಯವಾಗಿ ಬಹು ಕಹಿಯಾಗಿ ಬರೆದಳು. ಮಗುವನ್ನು ಕಳಕೊಂಡ ತಾಯಿಯನ್ನು ನಾವು ದೂರಲಾರೆವು. ಆದರೂ ಓದುವಾಗ ಮನಸ್ಸು ನೋಯುತ್ತದೆ. ಕೇಂಬ್ರಿಜಿನಲ್ಲಿ ಆ ಪುಸ್ತಕಕ್ಕೆ ಅಚ್ಚುಮೊಳೆ ಜೋಡಿಸಿದವನು ಜೇಮ್ಸ್ ಪ್ರಿಂಟರನೇ ಎಂದು ಚರಿತ್ರೆಕಾರರು ಹೇಳುತ್ತಾರೆ.